ಯೂರೋವಿಷನ್ ಫೈನಲ್‌ಗೆ ಹನ್ನೆರಡು ಜನ ಮನೆಗೆ ಬರ್ತಿದ್ದಾರೆ, ಹೇಗೆ ನಡೆಸೋದು?

ಹೊಸಬಾಡಿಗೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾವು ಸ್ಟುಟ್‌ಗಾರ್ಟ್‌ನಲ್ಲಿದ್ದೇವೆ. ಹೋದ ವಾರ ನನ್ನ ಗಂಡನ ಆಫೀಸಿನಲ್ಲಿ, ಈ ಸಲ ಯೂರೋವಿಷನ್ ಫೈನಲ್ ನೋಡಲು ಯಾರ ಮನೆಯಲ್ಲಿ ಸೇರುವುದು ಅಂತ ಮಾತು ಬಂತಂತೆ. ಇವರು ಹಿಂದೆ ಮುಂದೆ ನೋಡದೆ "ನಮ್ಮನೆಗೇ ಬನ್ನಿ" ಅಂದು ಬಂದಿದ್ದಾರೆ. ದೇಶ ದೇಶಗಳು ಸೇರುವ ಹಾಡಿನ ಸ್ಪರ್ಧೆ ಅನ್ನುವುದು ಬಿಟ್ಟರೆ ಇವರಿಗೆ ಏನೂ ಗೊತ್ತಿಲ್ಲ. ನನಗೆ ಅಬ್ಬಾ ಅನ್ನುವ ಸ್ವೀಡನ್‌ನ ಹಾಡಿನ ತಂಡ ಗೊತ್ತು. ಅವರು ಗೆದ್ದಿದ್ದು 1974ರಲ್ಲಿ ಅಂತ ನಿನ್ನೆ ಹುಡುಕಿ ತಿಳಿದುಕೊಂಡೆ. ಅಲ್ಲಿಗೆ ನನ್ನ ಜ್ಞಾನ ಮುಗಿಯಿತು.

ಫೈನಲ್ 2026ರ ಮೇ 16, ಶನಿವಾರ, ವಿಯೆನ್ನಾದಲ್ಲಿ. ನಮ್ಮಲ್ಲಿ ರಾತ್ರಿ 9ಕ್ಕೆ ಶುರುವಾಗಿ ಹತ್ತಿರ ಹತ್ತಿರ 1 ಗಂಟೆಯವರೆಗೂ ನಡೆಯುತ್ತದಂತೆ. ಬರುವವರು ಹನ್ನೆರಡು ಜನ. ಜರ್ಮನ್ನರು ನಾಲ್ವರು, ಇಟಲಿಯ ಗಂಡ ಹೆಂಡತಿ, ಸ್ಪೇನ್‌ನ ಒಬ್ಬ ಹುಡುಗಿ, ಫಿನ್‌ಲೆಂಡ್‌ನ ಒಬ್ಬರು, ಮತ್ತೆ ನಮ್ಮ ಕನ್ನಡದವರದೇ ಒಂದು ಸಂಸಾರ, ಇಬ್ಬರು ಮಕ್ಕಳ ಸಮೇತ. ಫಿನ್‌ಲೆಂಡ್‌ನವರಿಗೆ ಇದರ ಹುಚ್ಚು. "ಥೀಮ್ ಏನು, ಥೀಮ್ ಏನು" ಅಂತ ಈಗಲೇ ಮೆಸೇಜ್ ಮಾಡುತ್ತಿದ್ದಾರೆ. ಜರ್ಮನ್ನರಲ್ಲಿ ಇಬ್ಬರು "ನಮಗೆ ಹಾಡು ಬೇಡ, ಬಿಯರ್ ಇದ್ದರೆ ಸಾಕು" ಅಂದಿದ್ದಾರೆ. ಈ ಎರಡು ಜಾತಿಯ ಜನರನ್ನು ನಾಲ್ಕು ಗಂಟೆ ಒಂದೇ ಸೋಫಾದಲ್ಲಿ ಕೂರಿಸುವುದು ಹೇಗೆ?

ಎಲ್ಲರೂ ವೇಷ ಹಾಕಿಕೊಂಡು ಬರಬೇಕಾ? ಮನೆ ತುಂಬಾ ಬಾವುಟ ಕಟ್ಟಬೇಕಾ? ಊಟಕ್ಕೆ ದೇಶಕ್ಕೊಂದು ಅಡುಗೆ ಅಂತ ಕೆಲವರು ಮಾಡುತ್ತಾರಂತೆ, ಅದು ನನ್ನ ಕೈಯಲ್ಲಿ ಆಗುವ ಕೆಲಸ ಅಲ್ಲ. ಬರುವವರಲ್ಲಿ ಮೂವರು ಮಾಂಸ ತಿನ್ನುವುದಿಲ್ಲ, ಅದರಲ್ಲಿ ಒಬ್ಬರಿಗೆ ಮೊಟ್ಟೆಯೂ ಆಗುವುದಿಲ್ಲ. ಇನ್ನೊಂದು ದೊಡ್ಡ ಭಯ ಕೆಳಗಿನ ಮನೆಯ ತಾತನದು. ಹತ್ತು ಗಂಟೆಯ ಮೇಲೆ ಕುರ್ಚಿ ಎಳೆದರೂ ಮೇಲೆ ಬಂದು ಬಾಗಿಲು ತಟ್ಟುತ್ತಾರೆ. ಇದನ್ನು ಮಾಡಿ ಅಭ್ಯಾಸ ಇರುವವರು ದಯವಿಟ್ಟು ಹೇಳಿ.

ದೂರದೂರು ಉತ್ತರ:

ನಿಮ್ಮ ಯಜಮಾನರಿಗೆ ನನ್ನ ಕಡೆಯಿಂದ ಒಂದು ಚಪ್ಪಾಳೆ. ಗೊತ್ತಿದ್ದವರು ಯಾರೂ ಹೀಗೆ ಬಾಯಿಬಿಟ್ಟು ಕರೆಯುವುದಿಲ್ಲ.

ನಾನಿರುವುದು ಗೋಥೆನ್‌ಬರ್ಗ್‌ನಲ್ಲಿ. ಸ್ವೀಡನ್‌ನವರಿಗೆ ಇದು ಟಿವಿ ಕಾರ್ಯಕ್ರಮ ಅಲ್ಲ, ಹಬ್ಬ. ತಮ್ಮ ದೇಶದಿಂದ ಯಾವ ಹಾಡು ಕಳಿಸಬೇಕು ಅಂತ ಆರಿಸುವ ಮೆಲೊಡಿಫೆಸ್ಟಿವಾಲೆನ್ ಒಂದೇ ಚಳಿಗಾಲದ ಆರು ಶನಿವಾರಗಳನ್ನು ನುಂಗಿ ಹಾಕುತ್ತದೆ. ಇಲ್ಲಿಗೆ ಬಂದ ಮೇಲೆ ನನಗೂ ಅಂಟಿತು. ಈಗ ಪ್ರತಿ ಮೇ ತಿಂಗಳು ನಮ್ಮನೆಯಲ್ಲೇ ಗುಂಪು ಸೇರುತ್ತದೆ.

ಮೊದಲೇ ಹೇಳಿಬಿಡ್ತೀನಿ, ಅಲಂಕಾರಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಬಾವುಟದ ಸರ ಕಟ್ಟಿದರೆ ಬಂದವರು ಒಂದು ಫೋಟೊ ತೆಗೆದುಕೊಳ್ಳುತ್ತಾರೆ, ಆಮೇಲೆ ಎಲ್ಲರ ಕಣ್ಣೂ ಟಿವಿ ಮೇಲೆ. ಇಂಥ ಪಾರ್ಟಿ ಕೆಡುವುದು ಯಾವಾಗ ಗೊತ್ತಾ? ಹನ್ನೊಂದು ಗಂಟೆಯ ಮೇಲೆ. ಹಾಡುಗಳೆಲ್ಲ ಮುಗಿದಿರುತ್ತವೆ. ಮತ ಹಾಕುವ ಸಮಯ, ಮಧ್ಯಂತರದ ಕುಣಿತ, ಆಮೇಲೆ ಒಂದೊಂದು ದೇಶವಾಗಿ ಅಂಕ ಹೇಳುವುದು. ನಿಮ್ಮ ಫಿನ್‌ಲೆಂಡ್‌ನವರು ಸೋಫಾದ ತುದಿಯಲ್ಲಿ ಕೂತಿರುತ್ತಾರೆ. ಮಿಕ್ಕವರು ಫೋನ್ ತೆಗೆದಿರುತ್ತಾರೆ, ಇಲ್ಲ ಚಪ್ಪಲಿ ಹುಡುಕುತ್ತಿರುತ್ತಾರೆ. ಯಾಕೆಂದರೆ ಯಾರು ಗೆದ್ದರೂ ಅವರಿಗೆ ಏನೂ ಆಗಬೇಕಾಗಿಲ್ಲ. ನಿಜವಾದ ಮಜಾ ಇರುವುದು ಮಾತ್ರ ಆ ಕೊನೆಯ ಒಂದು ಗಂಟೆಯಲ್ಲೇ.

ಆದ್ದರಿಂದ ಬಂದ ತಕ್ಷಣ ಪ್ರತಿಯೊಬ್ಬರ ಕೈಗೂ ಒಂದೊಂದು ದೇಶ ಕೊಡಿ. ಚೀಟಿ ಎತ್ತಿಸಿ. ಥೀಮ್ ಅಂದರೆ ನನಗೆ ಇಷ್ಟೇ.

ಈ ಸಲ ಒಟ್ಟು 35 ದೇಶ. ಫೈನಲ್‌ನಲ್ಲಿ 25 ಹಾಡು. ಆತಿಥ್ಯ ವಹಿಸಿದ ಆಸ್ಟ್ರಿಯಾ, ಹಾಗೆಯೇ ಜರ್ಮನಿ, ಫ್ರಾನ್ಸ್, ಇಟಲಿ, ಬ್ರಿಟನ್ ನೇರವಾಗಿ ಫೈನಲ್‌ಗೆ ಬರುತ್ತವೆ. ಮಿಕ್ಕ 20 ಹಾಡುಗಳು ಸೆಮಿಫೈನಲ್‌ಗಳಿಂದ ಬರಬೇಕು, ಮೇ 12ರ ಮಂಗಳವಾರ ಒಂದು, ಮೇ 14ರ ಗುರುವಾರ ಒಂದು. ಅಂದರೆ ಗುರುವಾರ ರಾತ್ರಿ ಮುಗಿಯುವವರೆಗೆ ಚೀಟಿ ಬರೆಯುವ ಹಾಗಿಲ್ಲ. ನೀವಿಬ್ಬರೂ ಸೇರಿ ಹದಿನಾಲ್ಕು ಜನ. ಎರಡು ಡಬ್ಬಿ ಇಡಿ. ಬೆಟ್ಟಿಂಗ್ ಪಟ್ಟಿಯಲ್ಲಿ ಮೇಲಿರುವ ಹದಿನಾಲ್ಕು ದೇಶ ಒಂದು ಡಬ್ಬಿಗೆ, ಉಳಿದ ಹನ್ನೊಂದು ಇನ್ನೊಂದಕ್ಕೆ. ಮೊದಲನೆಯದರಿಂದ ಎಲ್ಲರೂ ಒಂದೊಂದು ಎತ್ತಲಿ. ಎರಡನೆಯದು ದೊಡ್ಡವರಿಗೆ ಮಾತ್ರ, ಅಲ್ಲಿ ಒಬ್ಬರಿಗೆ ಕಡಿಮೆ ಬೀಳುತ್ತದೆ, ಆ ಒಬ್ಬರು ನಿಮ್ಮ ಯಜಮಾನರು. ಒಂದೇ ಡಬ್ಬಿ ಇಟ್ಟರೆ ಯಾರೋ ಒಬ್ಬರಿಗೆ ಎರಡೂ ಗೆಲ್ಲದ ಕುದುರೆ ಬಂದು ಅವರು ಒಂಬತ್ತೂವರೆಗೇ ಮುನಿಸಿಕೊಳ್ಳುತ್ತಾರೆ.

ಬಹುಮಾನ ಎರಡಿರಲಿ. ಗೆದ್ದ ದೇಶದ ಚೀಟಿ ಇದ್ದವರಿಗೆ ಒಂದು, ಕಟ್ಟಕಡೆಯ ದೇಶದ ಚೀಟಿ ಇದ್ದವರಿಗೆ ಇನ್ನೊಂದು. ಕಡೆಯದಕ್ಕೇ ಒಳ್ಳೆಯ ಬಹುಮಾನ ಇಡಿ. ಆಗ ನೋಡಿ, "ಬಿಯರ್ ಸಾಕು" ಅಂದವರೇ ಎದ್ದು ನಿಂತು "ಕೊಡಬೇಡಿ, ಅದಕ್ಕೆ ಪಾಯಿಂಟ್ ಕೊಡಬೇಡಿ" ಅಂತ ಕೂಗುತ್ತಾರೆ. 2021ರಲ್ಲಿ ಬ್ರಿಟನ್‌ಗೆ ತೀರ್ಪುಗಾರರಿಂದಲೂ ಸೊನ್ನೆ, ಜನರಿಂದಲೂ ಸೊನ್ನೆ ಬಂದಿತ್ತು. ಅದೇ ವರ್ಷ ಜರ್ಮನಿ, ಸ್ಪೇನ್, ಆತಿಥ್ಯ ವಹಿಸಿದ್ದ ನೆದರ್‌ಲೆಂಡ್ಸ್, ಮೂರಕ್ಕೂ ಜನರ ಮತದಲ್ಲಿ ಸೊನ್ನೆಯೇ. ಆ ರಾತ್ರಿ ಕಡೆಯ ಬಹುಮಾನಕ್ಕೆ ನಮ್ಮನೆಯಲ್ಲಿ ನಡೆದ ಗಲಾಟೆ ಮೊದಲ ಬಹುಮಾನಕ್ಕೆ ನಡೆಯಲಿಲ್ಲ.

ಇನ್ನು ಅಂಕದ ಹಾಳೆ. ಹತ್ತಕ್ಕೆ ಇಷ್ಟು ಅಂತ ಅಂಕ ಹಾಕಿಸಬೇಡಿ. ಎಲ್ಲರೂ ಎಲ್ಲದಕ್ಕೂ ಆರು, ಏಳು ಹಾಕಿ ಕೂರುತ್ತಾರೆ. ಯೂರೋವಿಷನ್‌ನಲ್ಲಿ 1975ರಿಂದ ನಡೆದು ಬಂದ ಕ್ರಮವೇ ಚೆಂದ: ಮೊದಲ ಸ್ಥಾನಕ್ಕೆ 12, ಎರಡನೆಯದಕ್ಕೆ 10, ಮೂರನೆಯದಕ್ಕೆ 8, ಅಲ್ಲಿಂದ ಒಂದೊಂದೇ ಇಳಿದು 1. ಮನೆಯಲ್ಲಿ ಹತ್ತು ಹಾಡಿಗೂ ಬೇಡ, 12, 10, 8 ಮೂರೇ ಸಾಕು. ಹನ್ನೆರಡು ಒಂದೇ ಹಾಡಿಗೆ ಕೊಡಬೇಕು ಅಂದಾಗ ಮಾತ್ರ ಮನುಷ್ಯ ಯೋಚನೆ ಮಾಡುತ್ತಾನೆ. ನಿಜವಾದ ಸ್ಪರ್ಧೆಯಲ್ಲಿ ಸ್ವಂತ ದೇಶಕ್ಕೆ ಮತ ಹಾಕುವಂತಿಲ್ಲ. ಹಾಗೆಯೇ ನಿಮ್ಮಲ್ಲಿ ಚೀಟಿಯಲ್ಲಿ ಬಂದ ದೇಶಕ್ಕೆ ಅಂಕ ಕೊಡುವಂತಿಲ್ಲ ಅನ್ನಿ. ಹಾಳೆಯಲ್ಲಿ ಹಾಡಿನ ಕ್ರಮಸಂಖ್ಯೆ, ದೇಶ, ಪಕ್ಕದಲ್ಲಿ ಒಂದು ಸಾಲಿನ ಟಿಪ್ಪಣಿಗೆ ಜಾಗ ಇರಲಿ. ಟಿಪ್ಪಣಿ ಇಲ್ಲದಿದ್ದರೆ ಹದಿನೆಂಟನೆಯ ಹಾಡಿನ ಹೊತ್ತಿಗೆ ನಾಲ್ಕನೆಯದು ಯಾವುದು ಅಂತ ಯಾರಿಗೂ ನೆನಪಿರುವುದಿಲ್ಲ. "ಬಿಳಿ ಪರದೆ, ಕಿರುಚಿದಳು" ಅಷ್ಟು ಬರೆದಿದ್ದರೂ ಸಾಕು. ಒಂದು ಹಾಡು ಮೂರು ನಿಮಿಷ ಮೀರುವಂತಿಲ್ಲ. ಹಾಡುಗಳ ನಡುವೆ ಒಂದು ಪುಟ್ಟ ಚಿತ್ರ ತೋರಿಸುತ್ತಾರೆ, ಬರೆಯಲು ಅದೇ ಸಮಯ.

ಹನ್ನೊಂದರ ಆಸುಪಾಸಿಗೆ ಹಾಡುಗಳು ಮುಗಿದ ಮೇಲೆ ಟಿವಿ ಶಬ್ದ ಇಳಿಸಿ. ಮತದಾನ, ಮಧ್ಯಂತರ ಎಲ್ಲ ಸೇರಿ ಒಳ್ಳೆಯ ಬಿಡುವು ಸಿಗುತ್ತದೆ. ಆಗಲೇ ನಿಮ್ಮ ಮನೆಯ ಫಲಿತಾಂಶ ಮುಗಿಸಿಬಿಡಿ. ಒಬ್ಬೊಬ್ಬರಾಗಿ ಟಿವಿ ಮುಂದೆ ನಿಂತು, ಸೌಟನ್ನೇ ಮೈಕ್ ಮಾಡಿಕೊಂಡು, "ಗುಡ್ ಈವನಿಂಗ್ ವಿಯೆನ್ನಾ" ಅಂತ ಶುರು ಮಾಡಿ ತಮ್ಮ ಮೂರು ಅಂಕ ಹೇಳಬೇಕು. ಮಕ್ಕಳಿಂದಲೇ ಆರಂಭಿಸಿ, ಆಮೇಲೆ ಅವರನ್ನು ಮಲಗಿಸಬಹುದು. ನಾಚಿಕೆಯ ಜನ ಕೂಡ ಇದೊಂದನ್ನು ಖುಷಿಯಿಂದ ಮಾಡುತ್ತಾರೆ.

ಇದಾದ ಮೇಲೆ ನಿಜವಾದ ಫಲಿತಾಂಶ. ಅದು ಹೇಗೆ ಬರುತ್ತದೆ ಅಂತ ಹೊಸಬರಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಗೊಂದಲ. 2016ರಿಂದ ಎರಡು ಲೆಕ್ಕ ಬೇರೆ ಬೇರೆ. ಮೊದಲು ಒಂದೊಂದು ದೇಶದ ತೀರ್ಪುಗಾರರ ಅಂಕ. ಆಮೇಲೆ ಎಲ್ಲ ದೇಶದ ಜನರ ಮತ ಒಟ್ಟು ಮಾಡಿ, ತೀರ್ಪುಗಾರರ ಪಟ್ಟಿಯಲ್ಲಿ ಕಡೆಯಲ್ಲಿದ್ದವರಿಂದ ಹಿಡಿದು ಮೇಲಕ್ಕೆ ಹೇಳುತ್ತಾ ಬರುತ್ತಾರೆ. ಇಪ್ಪತ್ತನೆಯ ಸ್ಥಾನದಲ್ಲಿ ಇದ್ದವರು ಒಂದೇ ಏಟಿಗೆ ಮೇಲೆ ಹಾರುತ್ತಾರೆ. ಮೊದಲ ಸ್ಥಾನದಲ್ಲಿದ್ದವರು ಕೊನೆಯವರೆಗೆ ಉಗುರು ಕಚ್ಚುತ್ತಾ ಕೂರಬೇಕು.

2023ರಲ್ಲಿ ಏನಾಯಿತು ಅಂತ ನಿಮ್ಮ ಫಿನ್‌ಲೆಂಡ್‌ನವರು ಕೇಳದಿದ್ದರೂ ಹೇಳುತ್ತಾರೆ. ಲಿವರ್‌ಪೂಲ್‌ನಲ್ಲಿ ಅವರ ಗಾಯಕ ಕಾರಿಯಾ, ಹಸಿರು ತೋಳಿನ ಅಂಗಿ ಹಾಕಿದ್ದವನು, ಜನರ ಮತದಲ್ಲಿ 376 ಗಳಿಸಿದ. ನಮ್ಮ ಸ್ವೀಡನ್‌ನ ಗಾಯಕಿ ಲೊರೀನ್‌ಗೆ ಜನರಿಂದ ಸಿಕ್ಕಿದ್ದು 243. ಆದರೆ ತೀರ್ಪುಗಾರರು ಲೊರೀನ್‌ಗೆ 340 ಕೊಟ್ಟಿದ್ದರು, ಅವನಿಗೆ 150. ಒಟ್ಟು 583ಕ್ಕೆ 526, ಸ್ವೀಡನ್ ಗೆದ್ದಿತು. 2024ರಲ್ಲಿ ಮಾಲ್ಮೋದಲ್ಲೂ ಹಾಗೇ, ಜನ ಆರಿಸಿದ್ದು ಕ್ರೊವೇಷಿಯಾ, ಗೆದ್ದಿದ್ದು ಸ್ವಿಟ್ಜರ್‌ಲೆಂಡ್. 2025ರಲ್ಲಿ ಬಾಸೆಲ್‌ನಲ್ಲಿ ಜನರ ಮತ ಜಾಸ್ತಿ ಬಂದಿದ್ದು ಇಸ್ರೇಲ್‌ಗೆ, ಗೆದ್ದಿದ್ದು ಆಸ್ಟ್ರಿಯಾ. ಅದಕ್ಕೇ ಈ ಸಲ ವಿಯೆನ್ನಾ. ನನ್ನನ್ನು ಕೇಳಿದರೆ ಲೊರೀನ್ ಗೆಲುವು ನ್ಯಾಯವೇ, ಆದರೆ ಫಿನ್‌ಲೆಂಡ್‌ನವರ ಎದುರು ನೀವು ಬಾಯಿ ಬಿಡಬೇಡಿ. ರಾತ್ರಿ ಉದ್ದವಾಗುತ್ತದೆ.

ಊಟಕ್ಕೆ ಒಂದೇ ನಿಯಮ: ಒಂದು ಕೈಯಲ್ಲಿ ತಿನ್ನುವಂತಿರಬೇಕು. ಇನ್ನೊಂದು ಕೈಯಲ್ಲಿ ಪೆನ್ನಿರುತ್ತದೆ. ಸಾರು, ಗೊಜ್ಜು, ಚಾಕು ಹಿಡಿದು ಕತ್ತರಿಸುವಂಥದ್ದು ಬೇಡ. ಒಂಬತ್ತರ ಮೇಲೆ ಒಲೆ ಮುಂದೆ ನಿಲ್ಲುವಂಥದ್ದಂತೂ ಬೇಡವೇ ಬೇಡ. ದೇಶಕ್ಕೊಂದು ಅಡುಗೆ ಮಾಡಲು ಹೋಗಬೇಡಿ. ವಿಯೆನ್ನಾದ್ದು ಒಂದೆರಡು, ಬೇರೆ ಕಡೆಯದು ಎರಡು, ಅಷ್ಟು ಸಾಕು.

ಮಾಂಸ ತಿನ್ನದವರಿಗೆ ಎಲ್ಲಿ ಕಾಲು ಜಾರುತ್ತದೆ ಅಂದರೆ, ನೋಡಲು ತರಕಾರಿ ಅನ್ನಿಸುವ ಪದಾರ್ಥಗಳಲ್ಲಿ. ವಿಯೆನ್ನಾ ಕಡೆಯ ಆಲೂಗಡ್ಡೆ ಸಲಾಡ್‌ಗೆ ಮಾಂಸದ ಸಾರು ಹಾಕುತ್ತಾರೆ. ನಿಮ್ಮ ಸ್ಟುಟ್‌ಗಾರ್ಟ್ ಕಡೆಯದಕ್ಕೂ ಹಾಗೇ. ಮನೆಯಲ್ಲಿ ಮಾಡಿದರೆ ತರಕಾರಿ ಸಾರು ಹಾಕಿ. ಬ್ರೆಡ್‌ಗೆ ಹಚ್ಚುವ ಲಿಪ್ಟಾವರ್ ಅಂತ ಕೆಂಪು ಮೆಣಸಿನ ಪುಡಿಯ ಚೀಸ್ ಇದೆಯಲ್ಲ, ಬಹಳ ರುಚಿ, ಆದರೆ ಕೆಲವರು ಅದಕ್ಕೆ ಮೀನು ಅರೆದು ಹಾಕುತ್ತಾರೆ. ಮಕ್ಕಳ ಗಮ್ಮಿ ಮಿಠಾಯಿಯಲ್ಲಿ ಜೆಲಾಟಿನ್. ಚೀಸ್ ತರುವಾಗ ಪೊಟ್ಟಣದ ಮೇಲೆ "ಮಿಕ್ರೋಬಿಯೆಲ್ಲೆಸ್ ಲಾಬ್" ಅಂತ ಇದೆಯಾ ನೋಡಿ. ಇದ್ದರೆ ಅದರ ಹೆಪ್ಪು ಕರುವಿನ ಹೊಟ್ಟೆಯಿಂದ ತೆಗೆದದ್ದಲ್ಲ. ಮೊಟ್ಟೆ ತಿನ್ನದವರಿಗೆ ವಿಯೆನ್ನಾದ ಚಾಕೊಲೇಟ್ ಕೇಕ್ ಜಾಖರ್‌ಟೋರ್ಟೆ ಆಗುವುದಿಲ್ಲ, ಅದರ ತುಂಬಾ ಮೊಟ್ಟೆ. ತೆಳು ಹಿಟ್ಟಿನ ಹಾಳೆಯಲ್ಲಿ ಸೇಬು ಸುತ್ತಿ ಬೇಯಿಸುವ ಸ್ಟ್ರೂಡೆಲ್ ಮನೆಯಲ್ಲಿ ಮಾಡಿದರೆ ಮೊಟ್ಟೆ ಇಲ್ಲದೆ ಆಗುತ್ತದೆ. ಗ್ರೀಸ್‌ನ ಪಾಲಕ್ ಸ್ಪಾನಕೋಪಿಟಾವನ್ನು ಚಿಕ್ಕ ತ್ರಿಕೋನಗಳಾಗಿ ಮಡಿಸಿ ಬೇಯಿಸಿಡಿ, ಹೂರಣಕ್ಕೆ ಮೊಟ್ಟೆ ಬಿಟ್ಟರೂ ನಡೆಯುತ್ತದೆ. ತಣ್ಣಗಾದ ಮೇಲೂ ಚೆನ್ನಾಗಿರುತ್ತದೆ. ಜಾರ್ಜಿಯಾದ ಚೀಸ್ ತುಂಬಿದ ರೊಟ್ಟಿ ಖಚಾಪುರಿ ಮಾಡುವುದಿದ್ದರೆ ದುಂಡಗೆ ಮುಚ್ಚಿದ ಇಮೆರೆಟಿ ಬಗೆಯದು ಮಾಡಿ. ದೋಣಿಯ ಹಾಗೆ ಇರುವುದರ ಮೇಲೆ ಹಸಿ ಮೊಟ್ಟೆ ಒಡೆಯುತ್ತಾರೆ.

ವೇಷದ ಬಗ್ಗೆ. ಕಡ್ಡಾಯ ಮಾಡಬೇಡಿ. ಅರ್ಧ ಜನಕ್ಕೆ ಅದೇ ಬರದಿರಲು ನೆಪವಾಗುತ್ತದೆ. ಬಾಗಿಲ ಹತ್ತಿರ ಒಂದು ಪೆಟ್ಟಿಗೆಯಲ್ಲಿ ಬಣ್ಣದ ಶಾಲು, ಕನ್ನಡಕ, ಟೋಪಿ ಹಾಕಿಡಿ. ಚೀಟಿ ಎತ್ತಿದ ಮೇಲೆ ತಮ್ಮ ದೇಶದ ಬಾವುಟದ ಬಣ್ಣ ಹುಡುಕಿ ಹಾಕಿಕೊಳ್ಳಲಿ. ಮಕ್ಕಳಿಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಕೊಟ್ಟು ತಲೆಗೊಂದು ನಕ್ಷತ್ರ ಮಾಡಿಸಿ. 2007ರಲ್ಲಿ ಉಕ್ರೇನ್‌ನ ವೆರ್ಕಾ ಸೆರ್ದುಚ್ಕಾ ಮೈಯೆಲ್ಲ ಬೆಳ್ಳಿ ಬಣ್ಣ, ತಲೆ ಮೇಲೆ ದೊಡ್ಡ ನಕ್ಷತ್ರ ಇಟ್ಟುಕೊಂಡು ಎರಡನೆಯ ಸ್ಥಾನ ಪಡೆದಿದ್ದು. ಆ ವಿಡಿಯೊ ತೋರಿಸಿ, ಮಕ್ಕಳು ಒಂದು ಗಂಟೆ ನಿಮ್ಮ ತಂಟೆಗೆ ಬರುವುದಿಲ್ಲ.

ಕೆಳಗಿನ ಮನೆ ತಾತನ ವಿಷಯ ಜರ್ಮನಿಯವರೇ ಹೇಳಬೇಕು. ನಮ್ಮಲ್ಲಿ ಆ ಶನಿವಾರ ಕೆಳಗಿನ ಮನೆಯವರೂ ಕೂಗುತ್ತಿರುತ್ತಾರೆ.

ಸುಮ್ನೆಬಂದವ ಉತ್ತರ:

ಜರ್ಮನಿಯವನು ನಾನಿದ್ದೇನೆ, ಮ್ಯೂನಿಕ್.

ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಾಖ್ಟ್‌ರೂಹೆ, ಅಂದರೆ ಸದ್ದು ಮಾಡಬಾರದ ಹೊತ್ತು. ಶನಿವಾರ, ಪಾರ್ಟಿ ಅಂತ ಯಾವ ರಿಯಾಯಿತಿಯೂ ಇಲ್ಲ. ನಿಮ್ಮ ಮನೆಯ ಶಬ್ದ ಪಕ್ಕದವರಿಗೆ ಕೇಳಬಾರದು, ಅಷ್ಟೇ. ಮೆಟ್ಟಿಲ ಹತ್ತಿರ ಚೀಟಿ ಅಂಟಿಸಿದರೆ ಅನುಮತಿ ಸಿಕ್ಕ ಹಾಗೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅದು ಸೌಜನ್ಯ ಮಾತ್ರ, ಹಕ್ಕಲ್ಲ.

ನಾನಾದರೆ ಚೀಟಿ ಅಂಟಿಸುವ ಬದಲು ಬುಧವಾರವೋ ಗುರುವಾರವೋ ಒಂದು ತಟ್ಟೆ ತಿಂಡಿ ಹಿಡಿದು ನೇರವಾಗಿ ಆ ತಾತನ ಮನೆಗೆ ಹೋಗುತ್ತೇನೆ. ಇಂಥ ದಿನ, ಇಷ್ಟು ಜನ, ಇಷ್ಟು ಗಂಟೆಗೆ ಮುಗಿಯುತ್ತದೆ, ಜೋರಾದರೆ ಈ ನಂಬರಿಗೆ ಫೋನ್ ಮಾಡಿ ಅನ್ನಿ. ಹಾಗೇ ಒಂದು ಗಂಟೆ ಬಂದು ಕೂತು ಹೋಗಿ ಅಂತ ಕರೆಯಿರಿ. ವಯಸ್ಸಾದವರು ಅಂತೀರಿ. 1982ರಲ್ಲಿ ನಿಕೋಲ್ ಅನ್ನುವ ಹುಡುಗಿ ಜರ್ಮನಿಗೆ ಮೊದಲ ಗೆಲುವು ತಂದಾಗ ಅವರು ಟಿವಿ ಮುಂದೆ ಇದ್ದಿರಲೂಬಹುದು. ಆ ಮಾತು ಎತ್ತಿ ನೋಡಿ. ಜರ್ಮನಿ ಗೆದ್ದಿದ್ದೇ ಎರಡು ಸಲ, ಇನ್ನೊಂದು 2010ರಲ್ಲಿ ಲೇನಾ.

ಮಿಕ್ಕಂತೆ ಎಲ್ಲರ ಚಪ್ಪಲಿ ಬಾಗಿಲಲ್ಲೇ. ಕುರ್ಚಿ ಕಾಲಿಗೆ ಫೆಲ್ಟ್ ಅಂಟಿಸಿ. ಟಿವಿಯ ಬೇಸ್ ಪೂರ್ತಿ ಇಳಿಸಿ, ಕೆಳಗಿನ ಮನೆಗೆ ಇಳಿಯುವುದು ಹಾಡಲ್ಲ, ಆ ಧಿಂ ಧಿಂ. ಕಿಟಕಿ ಮುಚ್ಚಿ. ಬಾಲ್ಕನಿಗೆ ಸಿಗರೇಟ್ ಸೇದಲು ಹೋದವರು ಅಲ್ಲಿ ಮಾತಾಡದಂತೆ ಕಾವಲಿಗೆ ಒಬ್ಬರು.

ಇನ್ನೊಂದು. ಡಾಸ್ ಎರ್ಸ್ಟೆ ಚಾನೆಲ್ ಕೇಬಲ್‌ನಲ್ಲೋ ಡಿಶ್‌ನಲ್ಲೋ ಸಿಕ್ಕರೆ ಅದನ್ನೇ ಹಾಕಿ. ಇಂಟರ್‌ನೆಟ್‌ನಲ್ಲಿ ನೋಡಿದರೆ ಹಿಂದೆ ಬೀಳುತ್ತದೆ. ಗೆದ್ದವರ ಹೆಸರು ವಾಟ್ಸಾಪ್‌ನಲ್ಲಿ ಮೊದಲು ಬಂದು ಆಮೇಲೆ ಟಿವಿಯಲ್ಲಿ ಬಂದರೆ, ಆ ಮೆಸೇಜ್ ಓದಿ ಹೇಳಿದವರನ್ನು ನಿಮ್ಮ ಫಿನ್‌ಲೆಂಡ್‌ನವರು ಸುಮ್ಮನೆ ಬಿಡುವುದಿಲ್ಲ.

ಕೊನೆಬೆಂಚು ಉತ್ತರ:

ಇಂಗ್ಲೆಂಡಿನ ಲೀಡ್ಸ್‌ನಿಂದ ನಾನು. ನಮ್ಮಲ್ಲಿ ಸಂಜೆ 8ಕ್ಕೇ ಶುರುವಾಗುತ್ತದೆ, ಮಕ್ಕಳಿರುವ ಮನೆಗೆ ಆ ಒಂದು ಗಂಟೆ ದೊಡ್ಡ ವರ.

ದೂರದೂರು ಅಕ್ಕನ ಚೀಟಿ ಆಟ ಇಲ್ಲಿ ಆಫೀಸುಗಳಲ್ಲೂ ನಡೆಯುತ್ತದೆ. ಅದರ ಜೊತೆಗೆ ಹೌಸಿ ಥರ ಒಂದು ಬಿಂಗೊ ಕಾರ್ಡ್ ಇಡಿ. ಹಾಡಿನಲ್ಲಿ ಆಸಕ್ತಿ ಇಲ್ಲದವರಿಗೆ ಅದೇ ಸರಿ. ನನ್ನ ಕಾರ್ಡಿನಲ್ಲಿ ಇರುವುದು: ಫ್ಯಾನ್ ಗಾಳಿಗೆ ಕೂದಲು ಹಾರುವುದು, ವೇದಿಕೆ ಮೇಲೆ ಬೆಂಕಿ, ಹಾಡಿನ ಕೊನೆಯಲ್ಲಿ ಶ್ರುತಿ ಒಂದು ಮೆಟ್ಟಿಲು ಏರುವುದು, ಗಾಯಕಿ ಮಂಡಿಯೂರುವುದು, ಮೇಲಂಗಿ ಕಿತ್ತು ಬಿಸಾಡಿ ಒಳಗೆ ಇನ್ನೊಂದು ಬಟ್ಟೆ, ನಿರೂಪಕರ ನಗು ಬಾರದ ಜೋಕು, ಅಂಕ ಹೇಳಲು ಬಂದವರು ತಾವೇ ಹಾಡಲು ಶುರು ಮಾಡುವುದು. ಬಟ್ಟೆ ಕೀಳುವ ಚಾಳಿ ನಮ್ಮವರದೇ. 1981ರಲ್ಲಿ ಡಬ್ಲಿನ್‌ನಲ್ಲಿ ಬಕ್ಸ್ ಫಿಝ್ ತಂಡದ ಹುಡುಗಿಯರ ಉದ್ದ ಲಂಗವನ್ನು ಹುಡುಗರು ಎಳೆದರು, ಒಳಗೆ ಗಿಡ್ಡ ಲಂಗ. ಗೆದ್ದೂ ಬಿಟ್ಟರು. ವೇದಿಕೆ ಮೇಲೆ ಆರು ಜನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ, ಪ್ರಾಣಿ ತರುವಂತಿಲ್ಲ. ಹಾಗಾಗಿ "ಕುದುರೆ" ಅಂತ ಕಾರ್ಡಿನಲ್ಲಿ ಬರೆಯಬೇಡಿ, ನನ್ನ ತಮ್ಮ ಹೀಗೆ ಬರೆದು ವರ್ಷಾನುಗಟ್ಟಲೆ ಕಾಯುತ್ತಿದ್ದಾನೆ.

ಅಕ್ಕನ ಒಂದು ಮಾತು ಮಾತ್ರ ನಾನು ಒಪ್ಪುವುದಿಲ್ಲ. ಮಧ್ಯಂತರದಲ್ಲಿ ಟಿವಿ ಶಬ್ದ ಇಳಿಸಬೇಡಿ. 1994ರಲ್ಲಿ ಡಬ್ಲಿನ್‌ನ ಮಧ್ಯಂತರದಲ್ಲಿ ಏಳು ನಿಮಿಷ ಕುಣಿದದ್ದೇ ರಿವರ್‌ಡ್ಯಾನ್ಸ್ ಅನ್ನುವ ಐರ್ಲೆಂಡಿನ ಕುಣಿತ. ಆ ವರ್ಷ ಗೆದ್ದ ಹಾಡಿಗಿಂತ ಜನಕ್ಕೆ ನೆನಪಿರುವುದು ಅದೇ. ನಿಮ್ಮ ಮನೆ ಅಂಕಗಳನ್ನು ಮತದಾನ ನಡೆಯುವಾಗ, ಹಾಡಿನ ತುಣುಕುಗಳನ್ನು ಮತ್ತೆ ಮತ್ತೆ ತೋರಿಸುತ್ತಾರಲ್ಲ, ಆಗ ಮುಗಿಸಿ.

ಮತ ಹಾಕುವುದು: ಲೆಕ್ಕಕ್ಕೆ ಬರುವುದು ಪಾಸ್‌ಪೋರ್ಟ್ ಅಲ್ಲ, ಇರುವ ದೇಶ. ನಿಮ್ಮ ಮನೆಯಲ್ಲಿ ಕೂತ ಇಟಲಿಯವರು ಇಟಲಿಗೆ ಹಾಕಬಹುದು, ಫಿನ್‌ಲೆಂಡ್‌ನವರು ಫಿನ್‌ಲೆಂಡ್‌ಗೆ ಹಾಕಬಹುದು. ಜರ್ಮನಿಗೆ ಮಾತ್ರ ಯಾರೂ ಹಾಕುವಂತಿಲ್ಲ. ಹೋದ ವರ್ಷದವರೆಗೆ ಒಬ್ಬರು 20 ಮತ ಹಾಕಬಹುದಿತ್ತು, ಈ ಸಲ 10ಕ್ಕೆ ಇಳಿಸಿದ್ದಾರೆ. ಕುಡಿದ ಮೇಲೆ ಫೋನ್ ಕೈಗೆ ಕೊಡಬೇಡಿ, ಮತಕ್ಕೆ ದುಡ್ಡಾಗುತ್ತದೆ.

ಮಿಣುಕುವ ಬೆಳಕು ಜಾಸ್ತಿ ಇರುತ್ತದೆ. ಬರುವವರಲ್ಲಿ ಯಾರಿಗಾದರೂ ಫಿಟ್ಸ್ ತೊಂದರೆ ಇದೆಯಾ ಅಂತ ಮೊದಲೇ ಕೇಳಿಡಿ. ಕೋಣೆಯಲ್ಲಿ ಒಂದು ದೀಪ ಉರಿಯುತ್ತಿರಲಿ.

ಹೊಸಬಾಡಿಗೆ:

ಅಕ್ಕಾ, ಎರಡು ಡಬ್ಬಿ ಉಪಾಯ ಕೇಳಿ ಯಜಮಾನರು ಈಗಲೇ ಡಬ್ಬಿ ತೊಳೆದಿಟ್ಟಿದ್ದಾರೆ. ತಮಗೆ ಒಂದೇ ಚೀಟಿ ಅನ್ನುವುದು ಇನ್ನೂ ಓದಿಲ್ಲ.

ತಾತನ ಮನೆಗೆ ಬುಧವಾರ ಹೋಗುತ್ತೇನೆ. ಆದರೆ ಹೊಸ ತೊಂದರೆ ಒಂದು ಬಂದಿದೆ. ಇಸ್ರೇಲ್ ಭಾಗವಹಿಸುತ್ತಿದೆ ಅಂತ ಸ್ಪೇನ್ ಈ ಸಲ ಹಿಂದೆ ಸರಿದಿದೆಯಂತಲ್ಲ. ನಮ್ಮ ಸ್ಪೇನ್ ಹುಡುಗಿ "ನಿಮ್ಮನ್ನೆಲ್ಲ ನೋಡಲು ಆಸೆ, ಆದರೆ ಕಾರ್ಯಕ್ರಮ ನೋಡಲು ಮನಸ್ಸಿಲ್ಲ" ಅಂದಳು. ನಾನೇನು ಹೇಳಲಿ? ಪಾರ್ಟಿಯನ್ನೇ ಬಿಡಬೇಕಾ?

ದೂರದೂರು ಉತ್ತರ:

ಬಿಡಬೇಕಾಗಿಲ್ಲ. ಅವಳನ್ನು ಒಪ್ಪಿಸಲೂ ಹೋಗಬೇಡಿ. ಸ್ಪೇನ್ ಒಂದೇ ಅಲ್ಲ, ಐರ್ಲೆಂಡ್, ನೆದರ್‌ಲೆಂಡ್ಸ್, ಸ್ಲೊವೇನಿಯಾ, ಐಸ್‌ಲೆಂಡ್ ಕೂಡ ಇದೇ ಕಾರಣಕ್ಕೆ ಬಿಟ್ಟಿವೆ. ಐರ್ಲೆಂಡ್ ಅಂದರೆ ಸ್ವೀಡನ್‌ನಷ್ಟೇ, ಏಳು ಸಲ ಗೆದ್ದ ದೇಶ. ನಮ್ಮ ಗುಂಪಿನಲ್ಲೂ ಇಬ್ಬರು ಈ ಸಲ ಬರುವುದಿಲ್ಲ. ಬೇಜಾರೇನೋ ಆಯಿತು, ಆದರೆ ಅದು ಅವರ ಮನಸ್ಸು. ಅದೇ ಕೋಣೆಯಲ್ಲಿ ಇನ್ನೊಬ್ಬರು "ರಾಜಕೀಯ ಬೇಡ, ಬರೀ ಹಾಡು" ಅನ್ನುವವರೂ ಇರುತ್ತಾರೆ. ಹನ್ನೊಂದು ಗಂಟೆಗೆ ಅಂಕದ ಪಟ್ಟಿ ಮುಂದೆ ಇಟ್ಟುಕೊಂಡು ಈ ವಾದ ಶುರುವಾದರೆ ಯಾರೂ ಗೆಲ್ಲುವುದಿಲ್ಲ. ಒಂಬತ್ತಕ್ಕೆ ಮೊದಲೇ, ಚೀಟಿ ಎತ್ತುವಾಗ, ಯಾರಿಗೆ ಯಾವ ಚೀಟಿ ಬೇಡ ಅನ್ನಿಸಿದರೂ ಕಾರಣ ಕೇಳದೆ ಬದಲಾಯಿಸಿ ಕೊಡುತ್ತೇವೆ ಅಂತ ಹೇಳಿಬಿಡಿ.

ಅವಳಿಗೆ ಎರಡು ದಾರಿ ಇದೆ. ಏಳು ಗಂಟೆಗೆ ಊಟಕ್ಕೆ ಬಂದು, ಒಂಬತ್ತಕ್ಕೆ ಹೊರಡಬಹುದು. ಇಲ್ಲವಾದರೆ ಇನ್ನೊಂದು ಶನಿವಾರ ಹಳೆಯ ಫೈನಲ್ ಒಂದನ್ನು ಹಾಕಿ ಅವಳನ್ನು ಕರೆಯಿರಿ. 2020ರಲ್ಲಿ ಕೋವಿಡ್‌ನಿಂದ ಸ್ಪರ್ಧೆಯೇ ರದ್ದಾದಾಗ ತುಂಬಾ ಜನ ಹೀಗೆ ಹಳೆಯವನ್ನು ಒಟ್ಟಿಗೆ ನೋಡಿದರು, ನಾವೂ ನೋಡಿದೆವು. ಯಾರಿಗೂ ಫಲಿತಾಂಶ ನೆನಪಿರದ ವರ್ಷ ಆರಿಸಬೇಕು. 1974 ಬೇಡ, ಎಲ್ಲರಿಗೂ ಗೊತ್ತು. ನನಗೆ ಇಷ್ಟ 2016, ಸ್ಟಾಕ್‌ಹೋಮ್. ತೀರ್ಪುಗಾರರ ಪಟ್ಟಿಯಲ್ಲಿ ಮೊದಲು ಬಂದಿದ್ದು ಆಸ್ಟ್ರೇಲಿಯಾ, ಜನರ ಮತದಲ್ಲಿ ಮೊದಲು ರಷ್ಯಾ, ಎರಡೂ ಕಡೆ ಎರಡನೆಯದಾಗಿದ್ದ ಉಕ್ರೇನ್ ಒಟ್ಟು ಲೆಕ್ಕದಲ್ಲಿ ಗೆದ್ದಿತು. ಚೀಟಿ ಆಟಕ್ಕೆ ಇದಕ್ಕಿಂತ ಒಳ್ಳೆಯ ವರ್ಷ ಇಲ್ಲ. ಗೂಗಲ್ ನೋಡಬಾರದು ಅಂತ ಫೋನ್‌ಗಳನ್ನೆಲ್ಲ ಒಂದು ಪಾತ್ರೆಗೆ ಹಾಕಿಸಿ. ಹಳೆಯ ಫೈನಲ್‌ನ ಇನ್ನೊಂದು ಅನುಕೂಲ, ಸಂಜೆ ಐದಕ್ಕೇ ಶುರು ಮಾಡಬಹುದು. ನಿಮ್ಮ ತಾತನಿಗೂ ನೆಮ್ಮದಿ.

ಕೊನೆಬೆಂಚಿನವರಿಗೆ: ಮಧ್ಯಂತರದ ವಿಷಯ ಒಪ್ಪಿದೆ. ಆದರೆ ರಿವರ್‌ಡ್ಯಾನ್ಸ್ ಥರದ್ದು ಒಂದು ಸಲ ಬಂತು. ಮಿಕ್ಕ ವರ್ಷಗಳಲ್ಲಿ ಬಂದಿದ್ದನ್ನೂ ನಾನು ನೋಡಿದ್ದೇನೆ.

ಸುಮ್ನೆಬಂದವ ಉತ್ತರ:

ಎಲ್ಲರೂ ಫೈನಲ್ ಫೈನಲ್ ಅಂತಿದ್ದೀರಿ. ಮನೆಯವರಿಬ್ಬರೂ ಮಂಗಳವಾರದ ಸೆಮಿಫೈನಲ್ ಒಂದನ್ನು ನೋಡಿಬಿಡಿ. ಎರಡು ಗಂಟೆಯ ಕೆಲಸ. ಟಿವಿ ಎಷ್ಟು ಜೋರಿದ್ದರೆ ಮೆಟ್ಟಿಲಿಗೆ ಕೇಳುತ್ತದೆ ಅಂತ ಒಬ್ಬರು ಹೊರಗೆ ಹೋಗಿ ನಿಂತು ನೋಡಿ, ರಿಮೋಟ್‌ನ ಆ ಅಂಕಿ ಬರೆದಿಟ್ಟುಕೊಳ್ಳಿ. ಹಾಗೇ ಹನ್ನೆರಡು ಜನರ ಮಧ್ಯೆ "ಇದೇನು, ಇದ್ಯಾಕೆ ಹೀಗೆ" ಅಂತ ನಿಮ್ಮ ಯಜಮಾನರು ಕೇಳುವ ಪ್ರಶ್ನೆಗಳೆಲ್ಲ ಅವತ್ತೇ ಮುಗಿದಿರುತ್ತವೆ.

ಹೊಸಬಾಡಿಗೆ:

ಸೆಮಿಫೈನಲ್ ಖಂಡಿತ ನೋಡ್ತೀವಿ. ಸ್ಪೇನ್ ಹುಡುಗಿ ಏಳಕ್ಕೆ ಊಟಕ್ಕೆ ಬರುತ್ತಾಳೆ, ಜೂನ್‌ನಲ್ಲಿ 2016 ನೋಡೋಣ ಅಂದಿದ್ದಾಳೆ. ಅಂದರೆ ಚೀಟಿಗೆ ಹದಿಮೂರು ಜನ ಆದೆವು. ಈಗ ಡಬ್ಬಿ ಹೇಗೆ ಹಂಚಲಿ ಅಕ್ಕಾ? ಅಂಕದ ಹಾಳೆ ನಿಮ್ಮ ಹತ್ತಿರ ಇದ್ದರೆ ಹಾಕ್ತೀರಾ?

ದೂರದೂರು ಉತ್ತರ:

ಮೇಲಿನ ಡಬ್ಬಿಗೆ ಹದಿಮೂರು, ಕೆಳಗಿನದಕ್ಕೆ ಹನ್ನೆರಡು. ಮಕ್ಕಳಿಬ್ಬರಿಗೆ ಮೊದಲ ಡಬ್ಬಿ ಮಾತ್ರ, ದೊಡ್ಡವರು ಹನ್ನೊಂದು ಜನ ಎರಡರಿಂದಲೂ ಎತ್ತಲಿ. ಮಿಕ್ಕ ಒಂದು ಚೀಟಿ ಕೆಳಗಿನ ಮನೆ ತಾತನಿಗೆ.

ಹಾಳೆ ಶುಕ್ರವಾರ ಬೆಳಿಗ್ಗೆ ಇಲ್ಲೇ ಹಾಕ್ತೀನಿ. ಹಾಡುಗಳ ಕ್ರಮ ಬರುವುದೇ ಎರಡನೆಯ ಸೆಮಿಫೈನಲ್ ಮುಗಿದ ಮೇಲೆ, ಅದಕ್ಕೆ ಮೊದಲು ಯಾರು ಕೊಟ್ಟರೂ ಪ್ರಿಂಟ್ ತೆಗೆಯಬೇಡಿ. ಪೆನ್ನು ಹದಿಮೂರು ಸಾಲದು, ಇಪ್ಪತ್ತು ತಂದಿಡಿ.